ಕೀಲು ಕೊಟ್ಟಷ್ಟು

ಅವರ ಎರಡೂ ಹೆಬ್ಬೆರಳುಗಳು ತುದಿಯಲ್ಲಿ ಚಪ್ಪಟೆಯಾಗಿ ಹಿಂದಕ್ಕೆ ಬಾಗಿದ್ದವು. ಹದಿನೈದು ವರ್ಷ ಬೇರೆಯವರ ಬೆನ್ನು, ತೊಡೆ, ಮೀನಖಂಡಗಳನ್ನು ಒತ್ತಿ ಒತ್ತಿ ಆದ ಆಕಾರ ಅದು. ಉಗುರುಗಳನ್ನು ಮಾಂಸದವರೆಗೂ ಕತ್ತರಿಸಿರುತ್ತಿದ್ದರು. ಕೈಗೆ ಬಳೆಯಿಲ್ಲ, ಉಂಗುರವಿಲ್ಲ. ಅಂಗೈ ಮಾತ್ರ ಮುಖದ ವಯಸ್ಸಿಗೆ ಹೊಂದದಷ್ಟು ಮೃದು. ನನ್ನ ಬಲಗೈಯನ್ನು ಮೊದಲ ಸಲ ಆ ಅಂಗೈಯಲ್ಲಿ ತೆಗೆದುಕೊಂಡಾಗ ಅವರು ಏನೂ ಮಾಡಲಿಲ್ಲ, ಸುಮ್ಮನೆ ಹಿಡಿದು ಕೂತರು. ಸ್ವಲ್ಪ ಹೊತ್ತಿನ ಮೇಲೆ, "ಇಷ್ಟೊಂದು ಎದರ್ಕೊಂಡದಲ್ಲ ಕೈಯಿ, ಯಾರವ್ವ ಎಳೆದಾಡಿದ್ದು?" ಎಂದು ಕೇಳಿದರು.

ಐವತ್ತರ ದಶಕದ ಕೊನೆಯ ವರ್ಷಗಳು. ನನಗೆ ಇಪ್ಪತ್ತೊಂದು. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ರೇಡಿಯೋ ಭಾಗಗಳಿಗೆ ತಂತಿ ಬೆಸೆಯುವ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಊರಿನಲ್ಲಿದ್ದ ಚಿಕ್ಕಪ್ಪ ನನ್ನನ್ನು ಬೆಂಗಳೂರಿನ ಬಸ್ಸು ಹತ್ತಿಸಿ, ಅಲ್ಲಿಗೆ ತಮ್ಮ ಜವಾಬ್ದಾರಿ ಮುಗಿಯಿತು ಎಂದುಕೊಂಡಿದ್ದರು. ಗೊರಗುಂಟೆಪಾಳ್ಯದಲ್ಲಿ ಜೊತೆಯ ಕೆಲಸದ ಹುಡುಗಿಯೊಬ್ಬಳೊಂದಿಗೆ ಒಂದು ಕೋಣೆಯಲ್ಲಿದ್ದೆ. ಒಂದು ದಿನ ಬಸ್ಸಿನ ಮೆಟ್ಟಿಲಿಂದ ಜಾರಿ ಬಿದ್ದು ಮೊಣಕೈ ಮುರಿಯಿತು. ನಾಟಿ ವೈದ್ಯರೊಬ್ಬರು ಎಳೆದು, ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ಆರು ವಾರದ ಮೇಲೆ ಬಿಚ್ಚಿದಾಗ ಕೈ ಮಡಿಸಿದಲ್ಲೇ ನಿಂತುಬಿಟ್ಟಿತ್ತು. ಹೆಬ್ಬೆರಳಿನ ತುದಿಗೆ ತೋರುಬೆರಳು ತಾಗುತ್ತಿರಲಿಲ್ಲ. ತಂತಿ ಹಿಡಿಯಲಾಗದವಳನ್ನು ಕಾರ್ಖಾನೆ ಎಷ್ಟು ದಿನ ಇಟ್ಟುಕೊಂಡೀತು? ಮೇಲ್ವಿಚಾರಕರು ಮೂರು ತಿಂಗಳ ರಜೆ ಕೊಡಿಸಿ, "ಅಷ್ಟರಲ್ಲಿ ಸರಿ ಮಾಡ್ಕೊಂಡು ಬನ್ನಿ. ಆಮೇಲೆ ನನ್ನ ಕೈಲಿಲ್ಲ" ಎಂದಿದ್ದರು.

ಯಶವಂತಪುರದ ಸಣ್ಣ ಆಸ್ಪತ್ರೆಯೊಂದರ ಹಿಂಭಾಗದಲ್ಲಿ, ಸೋತ ಕೈಕಾಲುಗಳಿಗೆ ವ್ಯಾಯಾಮ ಮಾಡಿಸುತ್ತಿದ್ದ ಆ ಹೆಂಗಸಿನ ಕೆಲಸದ ಕೋಣೆ. ಎರಡು ಮರದ ಮಂಚ, ಕಿಟಕಿಯ ಚೌಕಟ್ಟಿಗೆ ತೂಗುಹಾಕಿದ ರಾಟೆ ಮತ್ತು ಹಗ್ಗ, ಮರಳಿನ ಚೀಲಗಳು, ಮೇಣ ಕರಗಿಸುವ ಪಾತ್ರೆ. ಎಲ್ಲರೂ ಅವರನ್ನು ಮಾಲೀಸಮ್ಮ ಎನ್ನುತ್ತಿದ್ದರು. ಕೆಲವರ ಬಾಯಲ್ಲಿ ಆ ಹೆಸರಿಗೆ ಒಂದು ತಾತ್ಸಾರದ ರಾಗವಿತ್ತು. ನಾನು ಅಮ್ಮ ಎನ್ನುತ್ತಿದ್ದೆ.

ಹೆಸರು ಮಾಲೀಸಿನದಾದರೂ ಮುರಿದ ಮೊಣಕೈಯ ಕೀಲನ್ನು ಅವರು ಒಂದು ದಿನವೂ ತಿಕ್ಕಲಿಲ್ಲ. ತಿಕ್ಕಿದರೆ ಅದು ಇನ್ನೂ ಬಿಗಿಯುತ್ತದೆ ಎನ್ನುತ್ತಿದ್ದರು. ಭುಜವನ್ನೂ ತೋಳನ್ನೂ ಸಡಿಲಿಸುತ್ತಿದ್ದರು. ಬೆರಳುಗಳನ್ನು ಬೆಚ್ಚಗಿನ ಮೇಣದಲ್ಲಿ ಅದ್ದಿ, ಬಟ್ಟೆ ಸುತ್ತಿ, ಆರಿದ ಮೇಲೆ ಮೇಣವನ್ನು ಸಿಪ್ಪೆಯಂತೆ ಸುಲಿಯುತ್ತಿದ್ದರು. ಅಲ್ಲಿಂದಾಚೆಯ ಕೆಲಸ ನನ್ನದು. ನಾನೇ ಮಡಿಸಬೇಕು, ನಾನೇ ಚಾಚಬೇಕು. "ಕೀಲು ಎಷ್ಟು ಕೊಡ್ತದೋ ಅಷ್ಟು ಇಸ್ಕೋ. ನಾಳೆ ಇನ್ನೊಸಿ ಕೊಡ್ತದೆ" ಎನ್ನುತ್ತಿದ್ದರು.

ನನಗೆ ತಾಳ್ಮೆ ಸಾಲಲಿಲ್ಲ. ಒಂದು ತಿಂಗಳು ಕಳೆದರೂ ಕೈ ನಾಲ್ಕು ಬೆರಳಿನಷ್ಟೂ ಮುಂದೆ ಬಂದಿರಲಿಲ್ಲ. ಒಂದು ಸಂಜೆ ಕೋಣೆಯ ಗೆಳತಿಗೆ, ನಾನು ಕೂಗಿದರೂ ಬಿಡಬೇಡ ಎಂದು ಹೇಳಿ ಕೈಯನ್ನು ಜಗ್ಗಿಸಿಕೊಂಡೆ. ಬೆಳಗಾಗುವಷ್ಟರಲ್ಲಿ ಮೊಣಕೈ ಊದಿ ಕೆಂಪಗಾಗಿತ್ತು. ಅಮ್ಮ ನೋಡಿದರು, ಬೈಯಲಿಲ್ಲ. ತಣ್ಣೀರ ಬಟ್ಟೆ ಹಾಕಿ, ಬಟ್ಟೆಯ ಜೋಲಿಯಲ್ಲಿ ಕೈ ತೂಗುಹಾಕಿ, "ಅತ್ತು ದಿನ ಇದನ್ನ ಮುಟ್ಟಂಗಿಲ್ಲ" ಎಂದರು. ಮತ್ತೆ, "ನೋವು ತಿಂದ್ರೆ ಬೇಗ ವಾಸಿ ಆಗ್ತದೆ ಅಂತ ಯಾರೇಳಿದ್ರು ನಿಂಗೆ?" ಎಂದು ಕೇಳಿದರು. ಯಾರೂ ಹೇಳಿರಲಿಲ್ಲ. ಹೇಳುವವರು ಇದ್ದಿದ್ದರೆ ಹಾಗೆ ಮಾಡಿಕೊಳ್ಳುತ್ತಲೂ ಇರಲಿಲ್ಲವೇನೋ.

ಆ ಹತ್ತು ದಿನವೂ ನಾನು ಆಸ್ಪತ್ರೆಗೆ ಹೋದೆ. ಹಗಲಿಡೀ ಒಬ್ಬಳೇ ಕೋಣೆಯಲ್ಲಿ ಕೂರಲಾಗುತ್ತಿರಲಿಲ್ಲ. ಮೂಲೆಯ ಬೆಂಚಿನಲ್ಲಿ ಕೂತಿರುತ್ತಿದ್ದೆ. ಅವರು ಬೇಡ ಎನ್ನಲಿಲ್ಲ. ಆಗಲೇ ಒಬ್ಬ ರೈತ ಬಂದದ್ದು.

ಐವತ್ತು ದಾಟಿದ ಮನುಷ್ಯ. ಎತ್ತಿನ ಗಾಡಿಯಿಂದ ಬಿದ್ದು ತೊಡೆಯ ಮೂಳೆ ಮುರಿದಿತ್ತಂತೆ. ಮೂಳೆ ಕೂಡಿದ್ದರೂ ಕಾಲು ಸೋತಿತ್ತು. ಇಬ್ಬರು ಮಕ್ಕಳು ಹೊತ್ತು ತಂದು ಮಂಚದ ಮೇಲೆ ಮಲಗಿಸಿದರು. ಅಮ್ಮನನ್ನು ಕಂಡದ್ದೇ ಆತ ಮುಖವನ್ನು ಗೋಡೆಗೆ ತಿರುಗಿಸಿದ. ಎಲ್ಲ ರೋಗಿಗಳ ಮನೆಯ ಸಮಾಚಾರ ಕೇಳುತ್ತಾ ಕೆಲಸ ಮಾಡುವ ಅಮ್ಮ, ಅವನ ಹತ್ತಿರ ಎಣಿಕೆ ಬಿಟ್ಟು ಬೇರೆ ಮಾತಾಡಲಿಲ್ಲ. "ಒಂದು. ಎರಡು. ಮೂರು. ಬಿಡು." ಐದನೆಯ ದಿನ ತಡೆಯಲಾರದೆ, ಅವನು ಹೋದ ಮೇಲೆ, ಯಾರಮ್ಮ ಅದು ಎಂದು ಕೇಳಿದೆ.

"ನಮ್ಮಣ್ಣ" ಎಂದರು, ಬಟ್ಟೆ ಹಿಂಡುತ್ತಾ.

ಅವರದು ಬಾಗಲಗುಂಟೆ. ಹದಿನಾರಕ್ಕೇ ಗಂಡ ಸತ್ತು ತವರಿಗೆ ಬಂದವರು. ಯುದ್ಧದ ಕಾಲದಲ್ಲಿ ಜಾಲಹಳ್ಳಿಯ ಕಡೆ ಸಿಪಾಯಿಗಳಿಗೆಂದು ಆಸ್ಪತ್ರೆ ಎದ್ದಾಗ ಅಲ್ಲಿ ಆಯಾ ಆಗಿ ಸೇರಿದರು. ಗಾಯಗೊಂಡ ಸಿಪಾಯಿಗಳಿಗೆ ವ್ಯಾಯಾಮ ಮಾಡಿಸುತ್ತಿದ್ದ ಬಿಳಿಯ ಹೆಂಗಸೊಬ್ಬರು ಇವರ ಕೈಗುಣ ಕಂಡು ಕೆಲಸ ಕಲಿಸಿದರು. ಗಂಡಸರ ಕಾಲು ತಿಕ್ಕುತ್ತಾಳೆ ಎಂಬ ಸುದ್ದಿ ಊರು ಮುಟ್ಟಿದ ದಿನ ಅಣ್ಣ ಬಾಗಿಲು ಹಾಕಿದ. ಅಂದಿನಿಂದ ಯಶವಂತಪುರದ ರೈಲ್ವೆ ಗೇಟಿನ ಹತ್ತಿರ ಒಂದು ಕೋಣೆಯಲ್ಲಿ ಒಬ್ಬರೇ. ಊರು ನಡೆದು ಹೋಗುವಷ್ಟು ಹತ್ತಿರದಲ್ಲಿದ್ದರೂ ಒಮ್ಮೆಯೂ ಹೋಗಿರಲಿಲ್ಲ.

ಆರು ವಾರ ಅಣ್ಣನ ಕಾಲನ್ನು ಅವರು ಎತ್ತಿ ಇಳಿಸಿದರು. ಮೊದಲು ಮಂಚದ ಅಂಚಿನಲ್ಲಿ ಕೂರಿಸಿದರು. ಆಮೇಲೆ ಕಿಟಕಿಯ ಸರಳು ಹಿಡಿಸಿ ನಿಲ್ಲಿಸಿದರು. ಆತ ಮೊದಲ ಹೆಜ್ಜೆ ಇಟ್ಟು ವಾಲಿದಾಗ ಹೆಗಲು ಕೊಟ್ಟರು. ಇಬ್ಬರೂ ಒಂದು ಗಳಿಗೆ ಹಾಗೇ ನಿಂತಿದ್ದರು.

ಕೊನೆಯ ದಿನ ಆತ ಕೋಲೂರಿಕೊಂಡು ತಾನೇ ಬಾಗಿಲವರೆಗೆ ನಡೆದ. ಹೊಸ್ತಿಲಲ್ಲಿ ನಿಂತು, ತಿರುಗದೆಯೇ, "ನಿಮ್ಮತ್ತಿಗೆ ಮಂಡಿ ನೋವು ಅಂತ ಒದ್ದಾಡ್ತವ್ಳೆ. ಬಿಡುವಾದಾಗ ಬಂದು ನೋಡು" ಎಂದ.

"ಬತ್ತೀನಿ" ಎಂದರು ಅಮ್ಮ.

ಆ ಭಾನುವಾರ ಹೋದರು. ಸೋಮವಾರ ನಾನು ಕೇಳುವ ಮೊದಲೇ ಹೇಳಿದರು. "ಜಗುಲಿ ಮೇಲೆ ಚಾಪೆ ಆಕಿದ್ರು. ಅತ್ತಿಗೆಗೆ ಶಾಖ ಕೊಟ್ಟೆ, ಕಾಲು ನೀಡೋದು ಏಳ್ಕೊಟ್ಟೆ. ಊಟನೂ ಅಲ್ಲಿಗೇ ತಂದಿಕ್ಕಿದ್ರು."

"ಒಳಗೆ ಕರೀಲಿಲ್ವಾ?"

"ಇಲ್ಲ."

"ಮತ್ತೆ ಹೋಗ್ತೀರಾ?" ನನಗೆ ಸಿಟ್ಟು ಬಂದಿತ್ತು.

"ಓಗ್ದೆ? ಮಂಡಿ ಒಂದಿನಕ್ಕೆ ವಾಸಿ ಆಗ್ತದಾ?" ಎಂದು ನನ್ನ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ, "ಜಗುಲಿಯಿಂದ ನಮ್ಮೊಲ ಕಾಣ್ತದೆ ಕಣವ್ವ" ಎಂದರು.

ಅದು ಅವರೆಕಾಯಿಯ ಕಾಲ. ರಾತ್ರಿ ನೆನೆಸಿದ ಕಾಳನ್ನು ಬೋಗುಣಿಯಲ್ಲಿ ತಂದು ಕೈಬೆರಳು ಸೋತವರ ಮುಂದೆಲ್ಲ ಇಡುತ್ತಿದ್ದರು. "ಇತುಕು." ಸಿಪ್ಪೆಯೊಳಗಿಂದ ಬೇಳೆ ಜಾರಿ ಬರಬೇಕಾದರೆ ಎರಡು ಬೆರಳ ತುದಿ ಸರಿಯಾಗಿ ಕೂಡಲೇಬೇಕು. ಮೊದಲ ದಿನ ನನ್ನಿಂದ ಒಂದೂ ಆಗಲಿಲ್ಲ. ನಾಲ್ಕನೆಯ ದಿನ ಮೂರು ಕಾಳು. ರಜೆ ಮುಗಿಯುವ ಹೊತ್ತಿಗೆ ಅರ್ಧ ಬೋಗುಣಿ ಹಿತುಕಿದ್ದೆ. ಮರುದಿನ ಅದರ ಸಾರು ಮಾಡಿ ತಂದು ಎಲ್ಲರಿಗೂ ಬಡಿಸಿದರು. ತಾವು ಮಾತ್ರ ದೂರ, ಕಿಟಕಿಯ ಬಳಿ ಕೂತು ಉಂಡರು.

ಕಾರ್ಖಾನೆಯಲ್ಲಿ ಮೇಲ್ವಿಚಾರಕರು ಕೂದಲೆಳೆಯಂಥ ತಂತಿ ಕೊಟ್ಟು ಬೆಸೆಯಲು ಹೇಳಿದರು. ಬೆಸೆದೆ. "ಸರಿ, ನಿಮ್ಮ ಜಾಗಕ್ಕೆ ಹೋಗಿ" ಎಂದರು. ಸಂಜೆ ಓಡಿಹೋಗಿ ಸುದ್ದಿ ಹೇಳಿದಾಗ ಅಮ್ಮ ಯಾರದೋ ಪಾದ ಹಿಡಿದು ಕೂತಿದ್ದರು. ತಲೆಯೆತ್ತಿ, "ಒಳ್ಳೇದಾಯ್ತು. ಇನ್ನ ಇಲ್ಲಿಗೆ ಬರೋ ಕೆಲ್ಸ ಇಲ್ಲ ಬುಡು ನಿಂಗೆ" ಎಂದು ನಕ್ಕು ಮತ್ತೆ ಬಗ್ಗಿದರು.

ಆದರೂ ಹೋಗುತ್ತಿದ್ದೆ. ಮದುವೆಯಾಗಿ ಹೆಬ್ಬಾಳದ ಕಡೆ ಮನೆ ಮಾಡಿದ ಮೇಲೆ ತಿಂಗಳಿಗೊಮ್ಮೆ ಹೋಗುವುದು ವರ್ಷಕ್ಕೊಮ್ಮೆ ಆಯಿತು. ಕೊನೆಯ ಸಲ ಹೋದಾಗ ಅವರು ಕೆಲಸ ಬಿಟ್ಟು ಕೋಣೆಯಲ್ಲೇ ಇದ್ದರು. ಭುಜಗಳು ಬಿಗಿದು ತೋಳು ಮೇಲೇಳುತ್ತಿರಲಿಲ್ಲ. ನಾನು ಹೊರಡಲು ಎದ್ದಾಗ, ಬೇರೆ ಕಡೆ ನೋಡುತ್ತಾ, "ಬೆನ್ನಿಗೊಸಿ ಎಣ್ಣೆ ಅಚ್ತೀಯೇನವ್ವ? ನಂಗೆ ಕೈ ಎಟಕ್ತಿಲ್ಲ" ಎಂದರು. ಬಸ್ಸಿನ ಹೊತ್ತಾಗಿತ್ತು. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದೆ. ಮುಂದಿನ ಸಲ ಬಂದಾಗ ಖಂಡಿತ ಹಚ್ತೀನಿ ಎಂದೆ. "ಆಗ್ಲಿ ಓಗು, ಮಗ ಕಾಯ್ತಿರ್ತದೆ" ಎಂದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದೇ.

ಮುಂದಿನ ಸಲ ಎನ್ನುವುದು ಎಂಟು ತಿಂಗಳ ಮೇಲೆ ಬಂತು. ಕೋಣೆಗೆ ಬೀಗ ಹಾಕಿತ್ತು. ಮನೆಯ ಒಡತಿ ಹೊರಗೆ ಬಂದು, "ಅವ್ರು ಹೋಗಿ ಇಪ್ಪತ್ತು ದಿನ ಆಯ್ತಲ್ಲಮ್ಮ" ಎಂದರು. ಅಣ್ಣ ಮೊದಲೇ ತೀರಿಕೊಂಡಿದ್ದ. ಅವನ ಮಕ್ಕಳಿಗೆ ಹೇಳಿಕಳಿಸಿದರೂ ಯಾರೂ ಬರಲಿಲ್ಲವಂತೆ. ಆಸ್ಪತ್ರೆಯಲ್ಲಿ ಅವರ ಹತ್ತಿರ ವಾಸಿ ಮಾಡಿಸಿಕೊಂಡಿದ್ದ ನಾಲ್ಕೈದು ಜನ ಬಂದು ಹೊತ್ತರಂತೆ.

"ಅದ್ರಲ್ಲಿ ಇಬ್ರು ಕುಂಟ್ತಿದ್ರು. ನಿಂತು ನಿಂತು ಹೋದ್ರು, ಪಾಪ. ನೀವು ಅವ್ರಿಗೆ ಏನಾಗ್ಬೇಕು?"

"ನನ್ನ ಕೈ ನೆಟ್ಟಗೆ ಮಾಡಿದ್ರು" ಎಂದೆ.

"ಬಂದೋರೆಲ್ಲ ಹಿಂಗೇ ಹೇಳಿದ್ರು ಕಣ್ರೀ. ಕಾಲು ಸರಿ ಮಾಡಿದ್ರು, ಸೊಂಟ ಸರಿ ಮಾಡಿದ್ರು ಅಂತ. ನಮ್ಮೋರು ಅಂತ ಒಬ್ರೂ ಹೇಳ್ಲಿಲ್ಲ ನೋಡಿ" ಎಂದರು ಆಕೆ.

ನಾನೂ ಹೇಳಿರಲಿಲ್ಲ.