ಮಾವಿನ ತೊಟ್ಟಿನ ನಮೂನೆ

ಕೋಲಾರದ ಆ ಬಾಗಿಲು ಕೆತ್ತುವ ಅಂಗಡಿಗೆ ನಾನು ಸೇರುವ ಹೊತ್ತಿಗೆ ಕೆತ್ತನೆಯ ಯಂತ್ರ ಆಗಲೇ ಬಂದಿತ್ತು. ಯಂತ್ರಕ್ಕೆ ಬೇಕಾದ ಉಬ್ಬುಚಿತ್ರವನ್ನು ಕಂಪ್ಯೂಟರಿನಲ್ಲಿ ತಯಾರಿಸುವುದು ನನ್ನ ಕೆಲಸ. ಅಲ್ಲಿಯವರೆಗೆ ಆ ಕೆಲಸವನ್ನೆಲ್ಲ ಉಳಿ ಹಿಡಿದು ಮಾಡುತ್ತಿದ್ದ ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ನನ್ನನ್ನು ಕಂಡರೆ ಅವರು ಮುಖ ಗಂಟಿಕ್ಕುತ್ತಾರೆಂದು ಹೆದರಿದ್ದೆ. ಅವರೋ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ಪರದೆಯ ಮೇಲೆ ಎಲೆಯೊಂದು ತಿರುಗುವುದನ್ನು ಟೀ ಆರುವವರೆಗೆ ನೋಡುತ್ತಿದ್ದರು.

ನನ್ನ ಮೊದಲ ದೊಡ್ಡ ಕೆಲಸ ಗೌನಿಪಲ್ಲಿಯ ಮಾವಿನ ತೋಟದವರ ತಲೆಬಾಗಿಲು. ಅವರ ತಾಯಿ ನೆಟ್ಟಿದ್ದ ತೇಗದ ಮರ ಗಾಳಿಗೆ ಉರುಳಿತ್ತು. ಅದರಲ್ಲಿ ಬಾಗಿಲಿನಗಲದ ಹಲಗೆ ಸಿಕ್ಕಿದ್ದು ಒಂದೇ.

"ಅಮ್ಮ ನೆಟ್ಟಿದ್ ಮರ ಇದು. ಇಂಕೋಟಿ ಲೇದಮ್ಮಾ, ಇನ್ನೊಂದಿಲ್ಲ, ನೋಡ್ಕೊಂಡ್ ಮಾಡಿ," ಎಂದು ಹಲಗೆ ಇಳಿಸಿ ಹೋದರು.

ನಾನು ಬಳ್ಳಿ, ಎಲೆ, ಕಾಯಿ, ತೊಟ್ಟು ಎಲ್ಲವನ್ನೂ ಬಿಡಿಬಿಡಿಯಾಗಿ ಬಿಡಿಸಿದೆ. ತೊಟ್ಟು ಬರೀ ಗೆರೆಯಾಗಿರುವಷ್ಟು ಹೊತ್ತು ಹೇಳಿದ ಹಾಗೆ ಕೇಳುತ್ತದೆ. ದಪ್ಪ ಬೇಕೆಂದರೆ ಒಂದು ಅಂಕಿ ಬದಲಿಸಿದರೆ ಸಾಕು. ಆಮೇಲೆ ಆ ಗೆರೆಯನ್ನು ಗಟ್ಟಿ ಆಕಾರವಾಗಿ ಪರಿವರ್ತಿಸಿ, ಎಲ್ಲವನ್ನೂ ಒಂದಕ್ಕೊಂದು ಸೇರಿಸಬಹುದು. ಸಂಜೆ ಅದನ್ನೇ ಮಾಡಿ, ಅದೇ ಫೈಲಿನ ಮೇಲೆ ಉಳಿಸಿ, ಕಂಪ್ಯೂಟರ್ ಮುಚ್ಚಿ ಮನೆಗೆ ಹೋದೆ. ಹರಡಿಕೊಂಡಿದ್ದ ತುಂಡುಗಳೆಲ್ಲ ಒಂದೇ ಗೊಂಚಲಾಗುವುದನ್ನು ನೋಡಿದರೆ ಇವತ್ತಿಗೂ ನನಗೆ ಖುಷಿಯಾಗುತ್ತದೆ. ಅವತ್ತಂತೂ ಜಂಬವೇ ಬಂದಿತ್ತು.

ಮರುದಿನ ಬೆಳಿಗ್ಗೆ ಚಾಚಾ ನೋಡಿ, "ಮಾಷಾಲ್ಲಾ," ಎಂದರು. ಆಮೇಲೆ ಪರದೆಯ ಮೇಲೆ ಬೆರಳಿಟ್ಟರು.

"ಈ ತೊಟ್ಟು ನಿಲ್ಲಲ್ಲ ಬೇಟಿ. ಮರದ ಎಳೆ ಉದ್ದಕ್ಕೆ ಹೋಗ್ತೈತೆ, ತೊಟ್ಟು ಅಡ್ಡ ಬಂದೈತೆ. ಇಷ್ಟು ಸಣ್ಣ ಇದ್ರೆ ಚಕ್ಕೆ ಎದ್ದೋಗ್ತೈತೆ. ಸ್ವಲ್ಪ ದಪ್ಪ ಮಾಡು."

ಅಂಕಿ ಬದಲಿಸೋಣವೆಂದರೆ ಅಂಕಿಯೇ ಇಲ್ಲ. ಗೆರೆಯೂ ಇಲ್ಲ; ಅದರ ಮೇಲೆಯೇ ಉಳಿಸಿ ಅಳಿಸಿಬಿಟ್ಟಿದ್ದೆ. ಇದ್ದದ್ದು ಸಾವಿರಾರು ಸಣ್ಣ ತ್ರಿಕೋನಗಳು ಬೆಸೆದುಕೊಂಡ ಒಂದು ಮುದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಧ್ಯಾಹ್ನವೇ ಹಲಗೆ ಯಂತ್ರಕ್ಕೆ ಏರಬೇಕಿತ್ತು.

"ಹಾಗೇ ಬಿಟ್ಬಿಡೋಣ ಚಾಚಾ, ನಿಂತ್ರೂ ನಿಲ್ಲಬಹುದು," ಎಂದೆ. ಹೇಳುವಾಗಲೇ ನಾಚಿಕೆಯಾಯಿತು.

"ಅವ್ರ ಅಮ್ಮನ ಮರ ಅದು," ಎಂದಷ್ಟೇ ಹೇಳಿ ಎದ್ದು ಹೋಗಿ, ತಮ್ಮ ತಗಡಿನ ಟ್ರಂಕು ಎಳೆದು ತಂದರು. ಒಳಗೆ ಹಳೆಯ ಮದುವೆ ಕಾಗದಗಳ ದಪ್ಪ ರಟ್ಟಿನಲ್ಲಿ ಕತ್ತರಿಸಿದ ನಮೂನೆಗಳು. ಹಂಸ, ತಾವರೆ, ಬಳ್ಳಿ, ಕಾಯಿ. ಒಂದರ ಹಿಂದೆ ಯಾರದೋ ವಲೀಮಾದ ಊಟದ ಸಮಯ ಇನ್ನೂ ಓದಲು ಬರುತ್ತಿತ್ತು. ಉಳಿ ಹಚ್ಚುವ ಮುಂಚೆ ಪ್ರತಿಯೊಂದನ್ನೂ ಹೀಗೆ ಕತ್ತರಿಸಿ ಎತ್ತಿಡುವುದು ಅವರ ಪದ್ಧತಿಯಂತೆ. ಎಲ್ಲವೂ ಅವರೇ ಮಾಡಿದವು. ಬೇರೆ ಕೈಯದು ಒಂದೂ ಇರಲಿಲ್ಲ.

"ಕೊಯ್ದ ಮರ ವಾಪಸ್ ಬರಲ್ಲ. ಅದಕ್ಕೇ ನಮೂನೆ ಬೇರೆ ಇಡ್ಬೇಕು," ಎಂದು ಮಾವಿನ ತೊಟ್ಟೊಂದನ್ನು ನನ್ನ ಕೈಗಿತ್ತರು.

ಯಂತ್ರ ಎರಡು ದಿನ ಸುಮ್ಮನೆ ನಿಂತಿತು. ಮಾಲೀಕರಿಗೆ ಚಾಚಾನೇ ಏನೋ ಹೇಳಿ ಸಮಾಧಾನ ಮಾಡಿದರು. ನಾನು ಆ ರಟ್ಟನ್ನು ನೋಡಿಕೊಂಡು ಗೊಂಚಲನ್ನು ಮೊದಲಿನಿಂದ ಬಿಡಿಸಿದೆ. ತೊಟ್ಟನ್ನು ದಪ್ಪ ಮಾಡಿದೆ, ಎಳೆಯ ಕಡೆಗೆ ಸ್ವಲ್ಪ ಬಾಗಿಸಿದೆ. ಪರಿವರ್ತಿಸುವ ಮುಂಚೆ ಪ್ರತಿ ತೆಗೆದಿಟ್ಟೆ.

ಮೂರನೆಯ ದಿನ ಹಲಗೆ ಯಂತ್ರಕ್ಕೆ ಏರಿತು. ಕೆತ್ತನೆ ಮುಗಿದ ಮೇಲೆ ಚಾಚಾ ಪುಡಿ ಊದಿ, ತೊಟ್ಟಿನ ಪಕ್ಕಕ್ಕೆ ಹೆಬ್ಬೆರಳು ಒತ್ತಿ ನೋಡಿದರು. ಒಂದು ಚಕ್ಕೆಯೂ ಏಳಲಿಲ್ಲ.

ನನ್ನ ಗೊಂಚಲನ್ನು ಕಾಗದದ ಮೇಲೆ ಅದೇ ಅಳತೆಗೆ ಮುದ್ರಿಸಿ ಕೊಡು ಎಂದರು. ಯಾಕೆಂದು ಕೇಳದೆ ಕೊಟ್ಟೆ. ಊಟ ಮುಗಿಸಿ ಬರುವಷ್ಟರಲ್ಲಿ ಅದನ್ನು ಮದುವೆ ಕಾಗದವೊಂದಕ್ಕೆ ಅಂಟಿಸಿ, ಅಂಚು ನೇರ್ಪಾಗಿ ಕತ್ತರಿಸಿ, ಟ್ರಂಕಿನಲ್ಲಿ ತಮ್ಮ ನಮೂನೆಗಳ ಜೊತೆಗೆ ಇಡುತ್ತಿದ್ದರು.