ಪ್ಲಾಸ್ಟಿಕ್ಕಿಗೆ ಅಂಟಿದ ತೊಂಬತ್ತೆಂಟು

ಇವತ್ತು ಮಗಳ ಜೊತೆ ಅವಳ ಅಂಕಪಟ್ಟಿ ಜೆರಾಕ್ಸ್ ಮಾಡಿಸಲು ತಿರುವನಂತಪುರದ ತಂಪಾನೂರಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಲ್ಯಾಮಿನೇಷನ್ ಯಂತ್ರದ ಬಿಸಿ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಡಿದದ್ದೇ ತಡ, ಅಪ್ಪ ನೆನಪಾದರು.

ಅಪ್ಪ ಆಗ ಕೊಚ್ಚಿಯಲ್ಲಿ ಬ್ಯಾಂಕ್ ಆಫೀಸರ್. ನನ್ನ ಹತ್ತನೇ ತರಗತಿಯ ಅಂಕಪಟ್ಟಿ ಬಂದಮೇಲೆ, ಮನೆಗೆ ಬಂದ ಕನ್ನಡದವರಿಗೆಲ್ಲ ಕಾಫಿಗಿಂತ ಮೊದಲು ಅದರ ದರ್ಶನ.

"ಮೆರಿಟ್ ನಮ್ಮ ರಕ್ತದಲ್ಲೇ ಇದೆ ಕಣ್ರೀ."

ರಕ್ತದಲ್ಲಿದ್ದದ್ದು ಜಂಬ. ಬಾಳೆಕಾಯಿ ಚಿಪ್ಸ್ ತಿಂದವರ ಎಣ್ಣೆಬೆರಳು ತಾಗಬಾರದೆಂದು ಒಂದು ದಿನ ಅದಕ್ಕೆ ಲ್ಯಾಮಿನೇಷನ್ನೂ ಆಯಿತು.

ಮೆರಿಟ್ ಸ್ಕಾಲರ್‌ಶಿಪ್ಪಿಗೆ ದಾಖಲೆ ತೋರಿಸುವ ಕೊನೆಯ ದಿನ ತಿರುವನಂತಪುರಕ್ಕೆ ಹೋದೆವು. ಅಲ್ಲಿನ ಕಚೇರಿಯ ಗುಮಾಸ್ತರು ಅಂಕಪಟ್ಟಿಯನ್ನು ತಿರುಗಿಸಿ ನೋಡಿ, "ಒರಿಜಿನಲ್ ಹಿಂದೆ ಸೀಲ್ ಹಾಕಬೇಕು ಸಾರೇ, ಪ್ಲಾಸ್ಟಿಕ್ ಮೇಲೆ ಹೇಗೆ ಹಾಕಲಿ?" ಎಂದರು. ಅಪ್ಪ ಅಲ್ಲೇ ಬ್ಲೇಡ್ ಇಸಿದುಕೊಂಡು ಸುಲಿಯತೊಡಗಿದರು. ಗಣಿತದ ತೊಂಬತ್ತೆಂಟು ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಎದ್ದುಬಂತು.

"ಇಲ್ಲಿಯವರು ಕನ್ನಡದ ಮಕ್ಕಳಿಗೆ ಸ್ಕಾಲರ್‌ಶಿಪ್ ಎಲ್ಲಿ ಕೊಡ್ತಾರೆ ಬಿಡ್ರೀ" ಎಂದು ಮುಂದಿನ ಭಾನುವಾರ ಅಪ್ಪ ಕನ್ನಡ ಸಂಘದ ತುಂಬ ಸಾರಿದರು. ಪಕ್ಕದಲ್ಲಿ ಕೂತು ನಾನೂ ಹೌದೆಂದು ತಲೆಯಾಡಿಸಿದೆ.

"ಲ್ಯಾಮಿನೇಷನ್ ವೇಣೋ?" ಎಂದು ಜೆರಾಕ್ಸ್ ಮುಗಿಸಿ ಒರಿಜಿನಲ್ ಹಿಂದಿರುಗಿಸುತ್ತ ಅಂಗಡಿಯವನು ಕೇಳಿದ.

"ವೇಂಡ ಚೇಟ್ಟಾ" ಎಂದು ಮಗಳು ಥಟ್ಟನೆ ಬೇಡವೆಂದಳು.

ಅಷ್ಟರಲ್ಲಿ ನಾನು ಅಂಕಪಟ್ಟಿಯನ್ನು ಲ್ಯಾಮಿನೇಷನ್ನಿಗೆಂದು ಮತ್ತೆ ಅವನ ಕೈಗೆ ಕೊಟ್ಟಾಗಿತ್ತು.