ಬಲಗಡೆಯ ಚಕ್ರವನ್ನು ಬಿಟ್ಟುಹೋದ ಬೆಕ್ಕು

ಈ ಪ್ರಸಂಗ ಯಾವ ವರ್ಷದ್ದೆಂದು ನಿರ್ಧರಿಸಲು ನನಗೆ ಹಿಡಿದ ಸಮಯ, ಪ್ರಸಂಗ ನಡೆಯಲು ಹಿಡಿದ ಸಮಯಕ್ಕಿಂತ ಬಹಳ ಹೆಚ್ಚು. ಶರಾವತಿಯ ಮೇಲ್ಭಾಗದ ಅಣೆಕಟ್ಟು ತುಂಬಿದ ಮರುಬೇಸಿಗೆ ಎಂದು ಬಹುಕಾಲ ಹೇಳಿಕೊಂಡು ಬಂದಿದ್ದೆ. ಆದರೆ ಭಟ್ಕಳದಲ್ಲಿ ಪೆಟ್ರೋಲನ್ನು ಗ್ಯಾಲನ್ ಲೆಕ್ಕದಲ್ಲಿ ಹಾಕಿಸಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಚಹಾದಂಗಡಿಯವರು ಆಣೆಯನ್ನೂ ನಯಾಪೈಸೆಯನ್ನೂ ಬೆರೆಸಿ ಚಿಲ್ಲರೆ ಕೊಟ್ಟಿದ್ದೂ ನೆನಪಿದೆ. ಇವೆರಡೂ ನಿಜವಾದರೆ, ಅರವತ್ತರ ದಶಕದಲ್ಲಿ ತುಂಬಿದ ಅಣೆಕಟ್ಟಿನ ಮಾತು ಸುಳ್ಳಾಗಬೇಕು. ಆದ್ದರಿಂದ ಐವತ್ತರ ದಶಕದ ಕೊನೆಯ ಒಂದು ಬೇಸಿಗೆ ಎಂದಷ್ಟೇ ಬರೆಯುತ್ತೇನೆ. ತಿಂಗಳು ಮಾತ್ರ ಮೇ ಎಂಬುದರಲ್ಲಿ ಸಂಶಯವಿಲ್ಲ. ಹೊನ್ನಾವರದ ಎದುರು, ಶರಾವತಿಯ ದಕ್ಷಿಣ ದಡದ ಕಾಸರಕೋಡಿನಲ್ಲಿ ದೋಣಿಗಳನ್ನು ಮಳೆಗಾಲಕ್ಕಾಗಿ ದಡಕ್ಕೆಳೆಯಲು ಆರಂಭಿಸಿದ್ದರು.

ನಾನಾಗ ಸುಣ್ಣದ ಕಲ್ಲುಗಳ ಅಧ್ಯಯನಕ್ಕೆ ಸೇರಿದ್ದ ಕಿರಿಯ ಸಂಶೋಧಕ. ಯಾಣದ ಕಪ್ಪು ಬಂಡೆಗಳ ಮಾದರಿ ತರುವುದು ನನ್ನ ಪಾಲಿನ ಕೆಲಸವಾಗಿತ್ತು. ಮಳೆ ಹಿಡಿದರೆ ಯಾಣದ ಕಾಡುದಾರಿ ಮುಚ್ಚುತ್ತಿತ್ತು. ಮಾದರಿಯಿಲ್ಲದೆ ಮರಳಿದರೆ ಆ ಕೆಲಸದಲ್ಲಿ ನನ್ನನ್ನು ಮುಂದುವರಿಸುವುದಿಲ್ಲವೆಂದು ಹಿರಿಯ ಸಂಶೋಧಕರು ಮೊದಲೇ ತಿಳಿಸಿದ್ದರು. ನಮಗೆ ಕೊಟ್ಟಿದ್ದ ವಾಹನ, ಸೈನ್ಯದವರು ಹರಾಜಿಗೆ ಹಾಕಿದ್ದ ಒಂದು ಟ್ರಕ್ಕು. ಮುಂದಿನ ಚಕ್ರಗಳಿಗೂ ಎಂಜಿನ್ನಿನ ಎಳೆತ ಸಿಗುತ್ತಿದ್ದುದರಿಂದ ಆ ದಾರಿಯನ್ನು ಏರಬಲ್ಲ ಗಾಡಿ ಅದೊಂದೇ.

ಭಟ್ಕಳದಲ್ಲಿ ಬೆಳಿಗ್ಗೆ ಹೊರಡುವಾಗ ಮುಂದಿನ ಚಕ್ರಗಳನ್ನು ಜೋಡಿಸುವ ಆಕ್ಸಲಿನ ಕೆಳಗೆ ಎಣ್ಣೆಯ ಕಲೆ ಕಂಡಿತು. ಅಲ್ಲಿಯ ಮೆಕ್ಯಾನಿಕ್ ಬಗ್ಗಿ ನೋಡಿದರು, ತಮ್ಮ ನವಾಯತಿ ಭಾಷೆಯಲ್ಲಿ ಏನೋ ಗೊಣಗಿದರು, ಬಳಿಕ ನನ್ನತ್ತ ತಿರುಗಿ ತೀರ್ಪು ಕೊಟ್ಟರು.

“ಗೇರ್ ಎಣ್ಣೆ ಸಾಹೇಬ್. ಎಣ್ಣೆ ತಡೆಯೂ ಒಳಗಿನ ಸೀಲ್ ಹೋಗಿದೆ. ಆಕ್ಸಲ್ ಬಿಚ್ಚಬೇಕು. ಸೀಲ್ ಇಲ್ಲಿ ಸಿಗೂದಿಲ್ಲ, ಸೀದಾ ಹುಬ್ಬಳ್ಳಿಗೆ ಹೋಗಿ.”

“ಯಾಣಕ್ಕೆ ಹೋಗಿಬಂದು ಹುಬ್ಬಳ್ಳಿಗೆ ಹೋದರೆ?”

“ಹೋಗಬಹುದು. ಬರೂದು ಮಾತ್ರ ಖಾತ್ರಿಯಿಲ್ಲ.”

ಹುಬ್ಬಳ್ಳಿಗೆ ಹೋದ ಗಾಡಿ ಮಳೆಗೆ ಮುಂಚೆ ಮರಳುವುದು ಅಸಾಧ್ಯವಾಗಿತ್ತು. ಎರಡು ಊರಿಗೂ ದಾರಿ ಒಂದೇ, ಉತ್ತರಕ್ಕೆ. ನಿರ್ಧಾರವನ್ನು ಮುಂದೂಡಿ, ಬೇಸರದಿಂದಲೇ ಕಾಸರಕೋಡಿಗೆ ಬಂದೆವು. ಹೊನ್ನಾವರಕ್ಕೆ ದಾಟಲು ಆಗ ಎರಡು ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಜಂಗಲ್ ಇತ್ತು. ಅದು ಆಚೆ ದಡದಲ್ಲಿತ್ತು. ನೀರಿನ ಇಳಿತ ಮುಗಿಯುವವರೆಗೆ ಈಚೆ ಬರುವಂತಿರಲಿಲ್ಲ. ನಮ್ಮ ಚಾಲಕರು ಆ ಊರಿನವರೇ, ದೋಣಿಯ ಮನೆತನದವರು. ಮೀನು ಒಣಗಿಸುತ್ತಿದ್ದ ಅವರ ಅಕ್ಕನ ಚಪ್ಪರದ ಪಕ್ಕದಲ್ಲಿ ಟ್ರಕ್ಕು ನಿಲ್ಲಿಸಿದರು.

ನಾನು ಗಂಜಿಯೂಟ ಮುಗಿಸಿ ಹೊರಬಂದಾಗ ಒಂದು ಬೂದು ಬೆಕ್ಕು ಟ್ರಕ್ಕಿನಡಿಯಲ್ಲಿ ಕುಳಿತು ಎಡಗಡೆಯ ಆಕ್ಸಲನ್ನು ನೆಕ್ಕುತ್ತಿತ್ತು. ಬಹಳ ಆಸಕ್ತಿಯಿಂದ, ಕಣ್ಣು ಮುಚ್ಚಿ ನೆಕ್ಕುತ್ತಿತ್ತು. ನಾನು ಮರಳಿನ ಮೇಲೆ ಮಲಗಿ ಅದನ್ನು ಗಮನಿಸತೊಡಗಿದೆ. ಗೇರ್ ಎಣ್ಣೆಗೆ ಗಂಧಕದ ಘಾಟಿರುತ್ತದೆ. ಬೆಕ್ಕು ಅದನ್ನು ನೆಕ್ಕುವುದೆಂದು ನಾನು ಕೇಳಿರಲಿಲ್ಲ. ಬೆರಳಿಗೆ ಸ್ವಲ್ಪ ಹಚ್ಚಿಕೊಂಡು ಮೂಸಿದೆ. ಇಡೀ ಊರೇ ಮೀನು ನಾರುತ್ತಿದ್ದುದರಿಂದ ಮೂಗನ್ನು ನಂಬುವಂತಿರಲಿಲ್ಲ.

“ಎಂತ ಸಾಹೇಬ್ರೆ, ಬೆಕ್ಕಿನ ಸಂಗ್ತಿ ಪಂಕ್ತಿಗೆ ಕೂತ್ರಾ?” ಎಂದು ಚಾಲಕರ ಅಕ್ಕ ನಕ್ಕರು. ಆಮೇಲೆ ಅವರೂ ಬಗ್ಗಿ ನೋಡಿ, ತಮ್ಮನನ್ನು ಕೂಗಿದರು. “ತಮಾ, ದೋಣಿಗೆ ಅಂತ ಒಯ್ದ ಮೀನೆಣ್ಣೆ ಈ ಗಾಡಿಗೆ ಬಳದ್ಯೇನಾ?”

ಚಾಲಕರು ಬೀಡಿ ಆರಿಸಿ ಬಂದರು. “ಬಳದೆ. ಜಂಗಲ್ ಹತ್ತುವಾಗ ಪ್ರತಿ ಸಲ ಉಪ್ಪುನೀರು ಹಾರ್ತದಲ್ಲ? ದೋಣಿ ಉಳಿಯೂದೇ ಆ ಎಣ್ಣೆಯಿಂದ. ಗಾಡಿ ಉಳಿಯೂದು ಬೇಡ್ವಾ?”

“ಮೆಕ್ಯಾನಿಕ್ಕಿಗೆ ಏಕೆ ಹೇಳಲಿಲ್ಲ?” ಎಂದೆ.

“ಅದು ಹಚ್ಚಿ ವಾರ ಆತು. ಅಷ್ಟರಲ್ಲಿ ಕುಡದು ಮುಗಿಸಿರ್ತದೆ ಅಂದ್ಕಂಡಿದ್ದೆ.”

“ಮರ ಕುಡೀತದೆ,” ಎಂದರು ಅಕ್ಕ. “ಕಬ್ಬಿಣ ಎಂತ ಕುಡೀತದೆ, ನಿನ್ನ ತಲೆ!”

ತಪ್ಪು ಅವರ ಕುಲಕಸುಬಿನಿಂದಲೇ ಬಂದಿತ್ತು. ತಲೆಮಾರುಗಳಿಂದ ಅವರು ಎಣ್ಣೆ ಹಚ್ಚಿದ್ದೆಲ್ಲ ಮರಕ್ಕೆ. ಬೇಸಿಗೆಯ ಹಲಗೆ ಬಳಿದಷ್ಟನ್ನೂ ಹೀರಿಕೊಳ್ಳುತ್ತಿತ್ತು. ಇಲ್ಲಿ ಅದು ಕಬ್ಬಿಣದ ಮೇಲೆಯೇ ಉಳಿದು, ಬಿಸಿಯೇರಿದಾಗ ತೊಟ್ಟಿಕ್ಕಿ, ಧೂಳು ಸೇರಿ ಕಪ್ಪಾಗಿತ್ತು. ಖಚಿತಪಡಿಸಿಕೊಳ್ಳಲು ಆಕ್ಸಲಿನ ನಡುವಿನ ಗೇರುಗಳಿಗೆ ಎಣ್ಣೆ ತುಂಬುವ ಬಿರಟೆಯನ್ನು ತೆಗೆಸಿದೆ. ಚಾಲಕರು ಕಿರುಬೆರಳು ತೂರಿಸಿದರು. ಎಣ್ಣೆ ಅಂಚಿನವರೆಗೂ ಇತ್ತು. ಸೀಲು ಒಡೆದು ಅಷ್ಟು ಸೋರಿದ್ದರೆ ಮಟ್ಟ ಇಳಿದಿರಬೇಕಿತ್ತು.

“ಹಂಗಾರೆ ಹುಬ್ಬಳ್ಳಿ ಇಲ್ಲ. ಜಂಗಲ್ ಬಂದ್ರೆ ಹೊರಟ್ವಿ,” ಎಂದು ಚಾಲಕರು ಲುಂಗಿ ಕೊಡವಿದರು.

ನನಗೂ ಹೊರಡುವ ಆತುರವಿತ್ತು. ಆದರೆ ಬೆಕ್ಕು ಅಷ್ಟರಲ್ಲಿ ಬಲಗಡೆಗೆ ಹೋಗಿ, ಚಕ್ರದ ಒಳಮಗ್ಗುಲಿನ ಒಂದು ಒದ್ದೆ ಜಾಗವನ್ನು ಮೂಸಿ, ಮೂತಿ ತಿರುಗಿಸಿ ಬಂದುಬಿಟ್ಟಿತು. ಎಡಗಡೆಯಲ್ಲಿ ಹಬ್ಬದೂಟ ಮಾಡಿದ ಪ್ರಾಣಿ ಬಲಗಡೆಯನ್ನು ಏಕೆ ತಿರಸ್ಕರಿಸಿತು? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಸೀಮೆಎಣ್ಣೆ ಬಟ್ಟೆಯಿಂದ ಮುಂದಿನ ಭಾಗವನ್ನೆಲ್ಲ ಒರೆಸಿದೆವು. ಚಿಪ್ಪು ಸುಟ್ಟು ಮಾಡುವ ಸುಣ್ಣದ ಒಣ ಪುಡಿ ಅಕ್ಕನ ಮನೆಯಲ್ಲಿತ್ತು. ಅದನ್ನು ಬಟ್ಟೆಯಲ್ಲಿ ಕಟ್ಟಿ, ಎರಡೂ ಬದಿಗೆ ತಟ್ಟಿ ತೆಳುವಾಗಿ ಉದುರಿಸಿದೆ. ಚಾಲಕರು ಗಾಡಿಯನ್ನು ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ, ಕೆಲವು ಬಾರಿ ಬ್ರೇಕು ಒತ್ತಿ ಮರಳಿದರು. ಎಡಗಡೆಯ ಸುಣ್ಣ ಹಾಗೆಯೇ ಬೆಳ್ಳಗಿತ್ತು. ಬಲಗಡೆಯಲ್ಲಿ, ಚಕ್ರಕ್ಕೆ ಹೋಗುವ ಬ್ರೇಕಿನ ರಬ್ಬರ್ ಪೈಪಿನ ತುದಿಯಿಂದ ಒಂದು ಒದ್ದೆ ಗೆರೆ ಕೆಳಗಿಳಿದಿತ್ತು.

ತೆಂಗಿನ ಚಿಪ್ಪಿನಲ್ಲಿ ನೀರು ತುಂಬಿ ಮೊದಲು ಮೀನೆಣ್ಣೆಯ ಹನಿ ಬಿಟ್ಟೆ, ತೇಲಿತು. ಗೇರ್ ಎಣ್ಣೆಯ ಹನಿಯೂ ತೇಲಿತು. ಬಲಗಡೆಯ ಹನಿ ನೀರಿನಲ್ಲಿ ಬೆರೆತು ಕಾಣೆಯಾಯಿತು. ಬ್ರೇಕ್ ಎಣ್ಣೆ, ಹೆಸರಿಗಷ್ಟೇ ಎಣ್ಣೆ, ನೀರಿನಲ್ಲಿ ಕರಗುವಂಥದ್ದು. ಚಾಲಕರು ಪೈಪನ್ನು ಬೆರಳಿನಿಂದ ಒತ್ತಿದರು. ಅದು ಉಬ್ಬಿ, ನೆನೆದ ಹಲಸಿನ ಬೀಜದ ಸಿಪ್ಪೆಯಂತೆ ಮೆತ್ತಗಾಗಿತ್ತು.

“ಇದಕ್ಕೂ ಹಚ್ಚುತ್ತಿದ್ದಿರಾ?”

“ಹಚ್ತಿದ್ದೆ. ಉಪ್ಪಿಗೆ ರಬ್ಬರೂ ಹಾಳಾಗ್ತದೆ ಅಂತ...” ರಬ್ಬರನ್ನು ಕೆಡಿಸಿದ್ದು ಆ ಮೀನೆಣ್ಣೆಯೇ ಎಂದು ಚಾಲಕರಿಗೂ ಹೊಳೆಯಿತು. ಯಾಣದ ಇಳಿಜಾರು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಪೈಪು ಬಿಚ್ಚಿಕೊಂಡು ಅವರು ಬಸ್ಸು ಹಿಡಿದು ಭಟ್ಕಳಕ್ಕೆ ಹೋದರು. ಸಂಜೆ ಬಸ್ಸಿನಿಂದ ಇಳಿದಾಗ ಹೊಸ ಪೈಪುಗಳ ಜೊತೆಗೆ ಆ ಮೆಕ್ಯಾನಿಕ್ಕೂ ಇದ್ದರು. ಬೆಕ್ಕಿನ ಕತೆಯನ್ನು ನಂಬದೆ ಸ್ವತಃ ನೋಡಲು ಬಂದಿದ್ದರಂತೆ. ಎರಡೂ ಬದಿಯ ಪೈಪು ಬದಲಿಸಿ, ಬ್ರೇಕಿನ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದು, ಕೈ ಒರೆಸಿಕೊಂಡು ಎಂದರು: “ಲೀಕ್ ಇದೆ ಅಂತ ನಾನು ಹೇಳಿದ್ನೋ ಇಲ್ವೋ?”

“ಹೇಳಿದ್ರಿ ಭಾಯಿ. ಎಲ್ಲಿ ಅಂತ ಹೇಳೂಕೆ ಬೆಕ್ಕು ಬೇಕಾತು,” ಎಂದರು ಅಕ್ಕ. ಮೆಕ್ಯಾನಿಕ್ ನಗುತ್ತಲೇ ಅಕ್ಕ ಕೊಟ್ಟ ಒಣಮೀನಿನ ಪೊಟ್ಟಣವನ್ನು ಕಂಕುಳಲ್ಲಿಟ್ಟುಕೊಂಡರು.

ಮರುದಿನ ಹೊನ್ನಾವರಕ್ಕೆ ದಾಟಿ ಕುಮಟಾ ಸೇರಿದೆವು. ಅದರ ಮರುದಿನ ಯಾಣ. ಈ ದಿನಗಳನ್ನು ತಾಳೆ ನೋಡಲು ನನ್ನಲ್ಲಿ ಬೇರೆ ಆಧಾರವಿಲ್ಲ. ಮೊದಲ ಮಳೆ ಬಂದಾಗ ನಮ್ಮ ಚೀಲಗಳು ತುಂಬಿದ್ದವು, ನಾವು ಕಾಡಿನಿಂದ ಹೊರಗಿದ್ದೆವು ಎಂಬುದಷ್ಟೇ ನಿಶ್ಚಿತ. ಯಾಣಕ್ಕೆ ಏರುವಾಗ ಗಾಡಿ ನಿಂತಲ್ಲೆಲ್ಲ ನಾನು ಇಳಿದು ಬಲಚಕ್ರದ ಬಳಿ ಮಂಡಿಯೂರುತ್ತಿದ್ದೆ. ಕಡೆಗೆ ಚಾಲಕರಿಗೆ ತಡೆಯಲಾಗಲಿಲ್ಲ.

“ಸಾಹೇಬ್ರೆ, ನೀವು ಬಂದದ್ದು ಕಲ್ಲು ನೋಡೂಕಾ, ಚಕ್ರ ನೋಡೂಕಾ?”

ನಾನು ಇನ್ನೊಮ್ಮೆ ಬಗ್ಗಿದೆ. ಹೊರಡುವ ಮುನ್ನ ಹೊಸ ಪೈಪಿನ ಸುತ್ತ ಮತ್ತೆ ಉದುರಿಸಿದ್ದ ಸುಣ್ಣ ಬೆಳ್ಳಗೇ ಇತ್ತು. ಎದುರಿಗೆ, ಮರಗಳ ನಡುವೆ, ಕಪ್ಪು ಬಂಡೆ ಕಾಣಿಸತೊಡಗಿತ್ತು.